ಒಂದೇ ಉಸಿರಿನ ಗೆರೆ

ಗೆರೆಯೆಂಬುದು ನಮ್ಮ ಮಾತಿನಲ್ಲಿ ಅಷ್ಟೇನೂ ಗೌರವದ ಪದವಲ್ಲ. ಹಣೆಯ ಮೇಲಿದ್ದರೆ ಅದು ಹಣೆಬರಹ, ಅಂಗೈಯಲ್ಲಿದ್ದರೆ ಜ್ಯೋತಿಷಿಯ ಅನ್ನ, ಯಾರಾದರೂ ದಾಟಿದರೆ ಮನೆಯಲ್ಲಿ ರಾಮಾಯಣ. ಕೇಂದ್ರ ಸರಕಾರದ ಗುಮಾಸ್ತರಾದ ನಮಗಂತೂ ಗೆರೆಯೆಂದರೆ ರಿಜಿಸ್ಟರಿನ ಕಾಲಮ್ಮು. ಅದರ ಒಳಗೆ ಬರೆದರೆ ಸರಿ, ಹೊರಗೆ ಹೋದರೆ ಮೆಮೊ. ಬದಲಾಪುರದಲ್ಲಿ ಮನೆ ಮಾಡಿದವರ ಪಾಲಿಗೆ ಇನ್ನೊಂದು ಜೋಡಿ ಗೆರೆಯೂ ಉಂಟು. ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನವರೆಗೆ ಸುಮಾರು 68 ಕಿಲೋಮೀಟರು ಒಂದನ್ನೊಂದು ಮುಟ್ಟದೆ ಓಡುವ ಆ ಎರಡು ಕಬ್ಬಿಣದ ಗೆರೆಗಳ ಮೇಲೆಯೇ ನಮ್ಮ ಅರ್ಧ ಆಯುಷ್ಯ ನಿಂತುಕೊಂಡೇ ಕಳೆದಿದೆ.

ಹೀಗಿರುವಾಗ, ಬಣ್ಣವಿಲ್ಲದೆ, ಹೂವು ಬಳ್ಳಿಯಿಲ್ಲದೆ, ಮನುಷ್ಯರ ಮುಖವೊಂದೂ ಇಲ್ಲದೆ, ಬರಿಯ ಗೆರೆಗಳನ್ನೇ ಎಳೆದು ಜಗತ್ತಿನ ದೊಡ್ಡ ಚಿತ್ರಕಾರರ ಸಾಲಿನಲ್ಲಿ ಕುಳಿತ ಹೆಣ್ಣುಮಗಳೊಬ್ಬರು ನಮ್ಮ ಮುಂಬಯಿಯಲ್ಲಿಯೇ ಬೆಳೆದವರೆಂದು ತಿಳಿದಾಗ ಕುತೂಹಲವಾಗುವುದು ಸಹಜ. ಅವರ ಹೆಸರು ನಸ್ರೀನ್ ಮೊಹಮದಿ. ಅವರ ವಿಷಯವಾಗಿ ನಾಲ್ಕು ಮಾತು ಬರೆಯಬೇಕೆಂದು ಈ ಬಾರಿ ಲೇಖನಿ ಹಿಡಿದಿದ್ದೇವೆ. ಕಲಾವಿಮರ್ಶೆ ನಮ್ಮ ಕಸುಬಲ್ಲ. ಆದರೆ ಗೆರೆಯ ಕಸುಬಿನವರೊಬ್ಬರು ನಮ್ಮ ಮನೆಯಲ್ಲಿಯೇ ಇದ್ದಾರೆ. ಆ ಮಾತು ಮುಂದೆ ಬರುತ್ತದೆ.

ನಸ್ರೀನ್ ಹುಟ್ಟಿದ್ದು 1937ರಲ್ಲಿ, ಕರಾಚಿಯಲ್ಲಿ. ಎಳೆಯ ವಯಸ್ಸಿನಲ್ಲಿಯೇ ತಾಯಿಯನ್ನು ಕಳೆದುಕೊಂಡರು. ದೇಶ ಇಬ್ಭಾಗವಾಗುವ ಮೊದಲೇ ಕುಟುಂಬ ಮುಂಬಯಿಗೆ ಬಂದಿತ್ತು. ತಂದೆಯವರಿಗೆ ಬಹರೈನಿನಲ್ಲಿ ಛಾಯಾಗ್ರಹಣದ ಸಾಮಗ್ರಿಗಳ ವ್ಯಾಪಾರವಿತ್ತು. 1954ರಿಂದ 57ರವರೆಗೆ ಲಂಡನ್ನಿನ ಸೇಂಟ್ ಮಾರ್ಟಿನ್ಸ್ ಕಲಾಶಾಲೆಯಲ್ಲಿ ಓದಿ, 1961ರಿಂದ 63ರವರೆಗೆ ಪ್ಯಾರಿಸಿನಲ್ಲಿ ಅಭ್ಯಾಸ ಮಾಡಿದರು. ಮುಂಬಯಿಯ ಭೂಲಾಭಾಯಿ ದೇಸಾಯಿ ಸಂಸ್ಥೆಯಲ್ಲಿ ಗಾಯ್ತೊಂಡೆ, ತಯ್ಯಬ್ ಮೆಹತಾ, ಹುಸೇನ್ ಮೊದಲಾದವರ ಒಡನಾಟ ದೊರೆಯಿತು. 1972ರಿಂದ ಬರೋಡದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದ ಲಲಿತಕಲಾ ವಿಭಾಗದಲ್ಲಿ ಅಧ್ಯಾಪಕಿಯಾದರು. 1990ರಲ್ಲಿ, 53ನೆಯ ವಯಸ್ಸಿನಲ್ಲಿ, ಅಲಿಬಾಗದ ಹತ್ತಿರದ ಕಿಹಿಮ್ ಎಂಬ ಕಡಲತಡಿಯ ಊರಿನಲ್ಲಿ ತೀರಿಕೊಂಡರು. ಮುಂಬಯಿಯ ಬಂದರಿನಿಂದ ನೋಡಿದರೆ ಆ ಊರು ನೀರಿನ ಆಚೆಗೆ, ನಮ್ಮ ರಾಯಗಡ ಜಿಲ್ಲೆಯಲ್ಲಿದೆ.

ಬದುಕಿದ್ದಾಗ ಅವರ ಹೆಸರು ಕಲಾವಿದರ ವಲಯದಾಚೆಗೆ ಹೆಚ್ಚು ಹರಡಲಿಲ್ಲ. ಕೀರ್ತಿ ತಡವಾಗಿ ಬಂತು. 2007ರಲ್ಲಿ ಜರ್ಮನಿಯ ಕಾಸೆಲ್ ನಗರದ ಡಾಕ್ಯುಮೆಂಟಾ ಪ್ರದರ್ಶನದಲ್ಲಿ ಅವರ ಚಿತ್ರಗಳಿದ್ದವು. 2016ರ ಮಾರ್ಚಿನಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನವರು ಮೆಟ್ ಬ್ರಾಯರ್ ಎಂಬ ಶಾಖೆಯನ್ನು ತೆರೆದಾಗ ಆರಂಭದ ಪ್ರದರ್ಶನಗಳಲ್ಲಿ ಒಂದು ಇವರದಾಗಿತ್ತು. ಆ ಶಾಖೆ 2020ರಲ್ಲಿ ಮುಚ್ಚಿತು. ನಸ್ರೀನರ ಹೆಸರು ಮಾತ್ರ ಉಳಿಯಿತು.

ಇನ್ನು ಅವರ ಚಿತ್ರಗಳು ಹೇಗಿವೆಯೆಂದು ಮಾತಿನಲ್ಲಿ ಹೇಳುವುದು, ಹಾಡನ್ನು ಲೆಕ್ಕಪತ್ರದಲ್ಲಿ ತೋರಿಸಿದಂತೆ. ಆದರೂ ಪ್ರಯತ್ನ ಮಾಡೋಣ. ಅರವತ್ತರ ದಶಕದ ಚಿತ್ರಗಳಲ್ಲಿ ಮಸಿಯ, ಜಲವರ್ಣದ ಮಸುಕು ಆಕಾರಗಳಿವೆ. ಗಿಡದ ಕೊಂಬೆಯಿರಬಹುದು, ಕಡಲ ದಂಡೆಯಿರಬಹುದು ಎನ್ನಿಸುತ್ತದೆ. ಎಪ್ಪತ್ತರ ದಶಕಕ್ಕೆ ಬಂದಾಗ ಕೊಂಬೆ ಹೋಯಿತು, ದಂಡೆ ಹೋಯಿತು, ಬಣ್ಣ ಹೋಯಿತು. ಉಳಿದದ್ದು ಕಾಗದ, ಪೆನ್ಸಿಲು, ಕಪ್ಪು ಮಸಿ. ಅಡ್ಡಗೆರೆಗಳು ಒಂದರ ಕೆಳಗೊಂದು, ಕೆಲವೆಡೆ ದಟ್ಟವಾಗಿ, ಕೆಲವೆಡೆ ವಿರಳವಾಗಿ. ಅವನ್ನು ಕತ್ತರಿಸುವ ಉದ್ದಗೆರೆಗಳು. ಕಾಗದ ದೊಡ್ಡದೇನಲ್ಲ, ಹೆಚ್ಚಿನವು ನಮ್ಮ ಊಟದ ಮೇಜಿನ ಒಂದು ಮೂಲೆಯಲ್ಲಿ ಹಿಡಿಸುವಷ್ಟು. ಎಂಬತ್ತರ ದಶಕದ ಚಿತ್ರಗಳಲ್ಲಿ ಅಡ್ಡ-ಉದ್ದದ ಜಾಲವೂ ಹೋಯಿತು. ಖಾಲಿ ಕಾಗದದ ನಡುವೆ ಓರೆಯಾಗಿ ಹಾರುವ ಕೆಲವೇ ಗೆರೆಗಳು, ಒಂದು ತ್ರಿಕೋನ, ಒಂದು ಕಮಾನಿನ ತುಂಡು. ಬಹುಮಟ್ಟಿಗೆ ಯಾವುದಕ್ಕೂ ಹೆಸರಿಲ್ಲ, ತಾರೀಖಿಲ್ಲ. ತಾರೀಖಿಲ್ಲದ ಕಾಗದವನ್ನು ನಮ್ಮ ಕಚೇರಿಯಲ್ಲಿ ಯಾರೂ ಮುಟ್ಟುವುದಿಲ್ಲ. ಆದರೆ ಜಗತ್ತು ಈ ಕಾಗದಗಳನ್ನು ಗಾಜು ಹಾಕಿ ಕಾಪಾಡುತ್ತಿದೆ.

ಈ ಗೆರೆಗಳು ಕಣ್ಣಿಗೆ ಮಾಡುವ ಕೆಲಸವನ್ನು ತಿಳಿಯಲು ನಮಗೆ ನೆರವಾದದ್ದು ಕಾಲೇಜಿನ ಭೌತಶಾಸ್ತ್ರ. ಬಿ.ಎಸ್‌ಸಿ. ಓದಿದವರಿಗೆ ಪ್ರಯೋಗಶಾಲೆಯ ಡಿಫ್ರಾಕ್ಷನ್ ಗ್ರೇಟಿಂಗ್ ನೆನಪಿರಬಹುದು. ಅಂಗೈಯಗಲದ ಗಾಜಿನ ತುಂಡು; ಒಂದು ಸೆಂಟಿಮೀಟರಿನೊಳಗೆ ಸಾವಿರಾರು ಗೆರೆಗಳು. ಬರಿಗಣ್ಣಿಗೆ ಅದು ಬರೀ ಮಬ್ಬು ಗಾಜು. ಬಿಳಿಯ ಬೆಳಕು ಹಾಯಿಸಿದರೆ ಕಾಮನಬಿಲ್ಲು ಎದ್ದು ನಿಲ್ಲುತ್ತದೆ. ಅಲ್ಲಿ ಬೆಳಕು ಹಾಯುವುದು ಗೆರೆಗಳ ನಡುವಿನ ತೆರವಿನಲ್ಲಿ. ಆ ತೆರವುಗಳು ಎಲ್ಲೆಡೆ ಒಂದೇ ಸಮನಾಗಿದ್ದರೆ ಮಾತ್ರ ಬಣ್ಣ ಒಡೆಯುತ್ತದೆ. ನಸ್ರೀನರ ಚಿತ್ರದಲ್ಲಿಯೂ ತೆರವಿನದೇ ಕಾರುಬಾರು. ಎರಡು ಗೆರೆಗಳ ನಡುವಿನ ಅಂತರ ಕೂದಲೆಳೆಯಷ್ಟು ಕಡಿಮೆಯಾಗುತ್ತ ಹೋದಂತೆ ಬಿಳಿಯ ಕಾಗದ ಬೂದಿಬಣ್ಣಕ್ಕೆ ತಿರುಗುತ್ತದೆ, ಸಪಾಟಾದ ಹಾಳೆ ಒಳಕ್ಕೆ ಇಳಿಯುತ್ತದೆ, ದೂರದಲ್ಲೆಲ್ಲೋ ನೀರು ಮಿನುಗಿದಂತಾಗುತ್ತದೆ. ಮಳೆಗಾಲದ ಬೆಳಿಗ್ಗೆ ಬದಲಾಪುರದ ಉಲ್ಹಾಸ ನದಿಯನ್ನು ಸೇತುವೆಯ ಮೇಲಿಂದ ನೋಡಿದವರಿಗೆ ಆ ಮಿನುಗು ಗೊತ್ತು.

ಇಷ್ಟು ಹೇಳಿದ ಮೇಲೆ ವಾಚಕರಲ್ಲಿ ಕೆಲವರು, ಅದರಲ್ಲೂ ತಾಯಂದಿರು, “ಇದರಲ್ಲೇನಿದೆ ಹೆಚ್ಚುಗಾರಿಕೆ? ಚುಕ್ಕಿಯಿಟ್ಟು ಗೆರೆಯೆಳೆಯುವುದನ್ನು ನಮ್ಮ ಅಜ್ಜಿಯೂ ಬಲ್ಲಳು” ಎನ್ನಬಹುದು. ಸರಿಯಾದ ಮಾತು. ಸಾಗರದ ಸುತ್ತಿನ ದೀವರ ಹೆಂಗಸರು ಕೆಮ್ಮಣ್ಣಿನ ಗೋಡೆಯ ಮೇಲೆ ನಾರಿನ ಕುಂಚದಿಂದ ಬಿಡಿಸುವ ಹಸೆ ಚಿತ್ತಾರವನ್ನು ನೋಡಿದವರು, ರೇಖಾಗಣಿತ ಯುರೋಪಿನಿಂದ ಬಂದಿತೆಂದು ಹೇಳಲಾರರು. ಆದರೆ ರಂಗೋಲಿಗೂ ನಸ್ರೀನರ ಗೆರೆಗೂ ಒಂದು ಮುಖ್ಯವಾದ ವ್ಯತ್ಯಾಸವಿದೆಯೆಂದು ನಮಗೆ ತೋರುತ್ತದೆ. ರಂಗೋಲಿಯ ಗೆರೆ ಸುತ್ತಿ ಬಂದು ಮುಚ್ಚಿಕೊಳ್ಳುತ್ತದೆ. ಒಳಗೆ ಶುಭವನ್ನು ಕೂಡಿಸಿ ಬಾಗಿಲು ಹಾಕುತ್ತದೆ. ನಾಳೆ ಅಳಿಸಿದರೂ ಚಿಂತೆಯಿಲ್ಲ, ಅಜ್ಜಿಯಿಂದ ಮೊಮ್ಮಗಳಿಗೆ ಲೆಕ್ಕ ಗೊತ್ತಿದೆ. ನಸ್ರೀನರ ಗೆರೆ ಮುಚ್ಚಿಕೊಳ್ಳುವುದಿಲ್ಲ. ಕಾಗದದ ಅಂಚಿಗೆ ಬಂದು, ಇನ್ನೂ ಮುಂದಕ್ಕೆ ಹೋಗುವಂತೆ ನಿಲ್ಲುತ್ತದೆ. ಅದಕ್ಕೆ ಹಿರಿಯರು ಕೊಟ್ಟ ಲೆಕ್ಕವಿಲ್ಲ. ಪ್ರತಿ ಹಾಳೆಯ ಲೆಕ್ಕವನ್ನೂ ಅವರೊಬ್ಬರೇ ಕಂಡುಕೊಳ್ಳಬೇಕಾಗಿತ್ತು.

ಇಲ್ಲಿ ನಮ್ಮವರೇ ಆದ ಕಟ್ಟಿಂಗೇರಿ ಕೃಷ್ಣ ಹೆಬ್ಬಾರರನ್ನು ನೆನೆಯದೆ ಮುಂದೆ ಹೋಗಲಾಗದು. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ, ಮುಂಬಯಿಯನ್ನೇ ಮನೆ ಮಾಡಿಕೊಂಡು, 1996ರಲ್ಲಿ ಇಲ್ಲಿಯೇ ಕಣ್ಣುಮುಚ್ಚಿದ ಹೆಬ್ಬಾರರೂ ಗೆರೆಯ ಮಾಂತ್ರಿಕರೇ. ಲಯವನ್ನು ಮೈಗೂಡಿಸಿಕೊಳ್ಳಲು ಕಥಕ್ ನೃತ್ಯವನ್ನೂ ಅಭ್ಯಾಸ ಮಾಡಿದವರು. ಅವರು ಒಂದು ಗೆರೆ ಎಳೆದರೆ ಅದು ನರ್ತಕಿಯ ಸೊಂಟವಾಗುತ್ತದೆ, ಮದ್ದಲೆಗಾರನ ಮೊಣಕೈಯಾಗುತ್ತದೆ. ಒಂದೇ ನಗರದಲ್ಲಿ ಒಬ್ಬರು ಗೆರೆಯನ್ನು ಕುಣಿಸಿದರು, ಇನ್ನೊಬ್ಬರು ಗೆರೆಯನ್ನು ತಪಸ್ಸಿಗೆ ಕೂರಿಸಿದರು. ಹೆಬ್ಬಾರರನ್ನು ಮೆಚ್ಚಲು ನಮಗೆ ಯಾರ ಸಹಾಯವೂ ಬೇಡ. ನಸ್ರೀನರ ಹತ್ತಿರ ಹೋಗಲು ಮಾತ್ರ ಒಬ್ಬ ದಾರಿತೋರುಗ ಬೇಕಾಗುತ್ತದೆ. ನಮಗೆ ಸಿಕ್ಕ ದಾರಿತೋರುಗರು ನಮ್ಮ ತಂದೆಯವರು.

ತಂದೆಯವರು ಕರ್ನಾಟಕದ ನೀರಾವರಿ ಇಲಾಖೆಯಲ್ಲಿ ಟ್ರೇಸರಾಗಿ ಸೇರಿ ನಕ್ಷೆಗಾರರಾಗಿ ನಿವೃತ್ತರಾದವರು. ನವಿಲುತೀರ್ಥದ ಅಣೆಕಟ್ಟಿನಿಂದ ನರಗುಂದ, ನವಲಗುಂದದ ಕಡೆಗೆ ಮಲಪ್ರಭೆಯ ನೀರನ್ನು ಒಯ್ಯುವ ಕಾಲುವೆಗಳ ನಕ್ಷೆಗಳಲ್ಲಿ ಎಷ್ಟೋ ಅವರ ಕೈಯಿಂದ ಇಳಿದವು. ನಮ್ಮ ತಾಯಿಯವರು ಹೋದ ಮೇಲೆ ಸವದತ್ತಿಯ ಮನೆಗೆ ಬೀಗ ಹಾಕಿ ಬದಲಾಪುರಕ್ಕೆ ಕರೆತಂದೆವು. ಎರಡು ಕೋಣೆಯ ಮನೆಯಲ್ಲಿ ಅವರ ಆಸ್ತಿಯೆಂದರೆ ಒಂದು ಟ್ರಂಕು. ಅದರಲ್ಲಿ ಟೀ-ಸ್ಕ್ವೇರು, ಸೆಟ್‌ಸ್ಕ್ವೇರುಗಳು, ಮಖಮಲ್ಲಿನ ಪೆಟ್ಟಿಗೆಯಲ್ಲಿ ಮಲಗಿದ ರೂಲಿಂಗ್ ಪೆನ್ನು.

ಈಗ ಕೆಲವು ವರ್ಷಗಳಿಂದ ಅವರಿಗೆ ಕೈ ನಡುಕ. ವೈದ್ಯರು ಪಾರ್ಕಿನ್ಸನ್ ಎಂದರು. ಹಳಬರು ಕಂಪವಾತ ಎನ್ನುತ್ತಿದ್ದುದು ಇದನ್ನೇ. ಚಹದ ಬಟ್ಟಲು ಅರ್ಧ ತುಂಬಿಸಿ ಕೊಡುವುದು, ಅಂಗಿಯ ಗುಂಡಿಯನ್ನು ನಾವು ಹಾಕುವುದು, ಇವೆಲ್ಲ ಮೆಲ್ಲಗೆ ರೂಢಿಯಾದವು. ರೂಢಿಯಾಗದ್ದು ಒಂದೇ: ಸಹಿ. ಪೆನ್ಶನ್ ಬರುವ ಬ್ಯಾಂಕಿನವರು, ಹೆಸರು ಇಲ್ಲಿ ಬೇಡ, ಹಣ ತೆಗೆಯುವ ಚೀಟಿಯನ್ನು ಮೂರು ಬಾರಿ ಹಿಂದಿರುಗಿಸಿದರು. ಸಹಿ ಹೊಂದುವುದಿಲ್ಲ. ಹೊಂದುವುದಾದರೂ ಹೇಗೆ? ನಮ್ಮ ಕನ್ನಡದ ಅಕ್ಷರವೆಂದರೆ ಎಲ್ಲಾ ದುಂಡು, ಎಲ್ಲಾ ತಿರುವು. ತಂದೆಯವರ ಸಹಿಯಲ್ಲಿ ಏಳು ಅಕ್ಷರ, ಮೇಲೆ ಒಂದು ಸುಳಿ. ನಡುಗುವ ಕೈಗೆ ಪ್ರತಿ ತಿರುವೂ ಒಂದು ಘಾಟಿ.

ಕೌಂಟರಿನ ಹುಡುಗ ಒಳ್ಳೆಯ ಮನಸ್ಸಿನಿಂದಲೇ, ಇಬ್ಬರು ಸಾಕ್ಷಿ ಹಾಕಿಸಿ ಹೆಬ್ಬೆಟ್ಟು ಒತ್ತಿಸಿ, ನಿಯಮದಲ್ಲಿ ಅವಕಾಶವಿದೆ ಎಂದ. ಮನೆಗೆ ಬಂದು ಆ ಮಾತು ಹೇಳಿದಾಗ ತಂದೆಯವರ ಮುಖ ನೋಡಲಾಗಲಿಲ್ಲ. “ಹೆಬ್ಬಟ್ಟು ಒತ್ತಾಕ ನಾ ಏನು ಸಾಲಿ ಕಲೀದವನ?” ಎಂದು ಒಂದೇ ಮಾತು ಆಡಿ ಗೋಡೆಯ ಕಡೆ ತಿರುಗಿ ಮಲಗಿದರು. ಮುಂದೆ ಎರಡು ತಿಂಗಳು ಬ್ಯಾಂಕಿನ ಮಾತೆತ್ತಿದರೆ ಊಟ ಬಿಡುತ್ತಿದ್ದರು. ಹಣದ ಅಡಚಣೆ ಹೇಗೋ ನಿಭಾಯಿಸಬಹುದಾಗಿತ್ತು. ಮನೆಯ ಹಿರಿಯರೊಬ್ಬರು ತಾವು ಯಾರೆಂದು ಕಾಗದದ ಮೇಲೆ ಹೇಳಲಾರದೆ ಕುಗ್ಗುತ್ತಿರುವುದನ್ನು ನಿಭಾಯಿಸುವ ಬಗೆ ನಮಗಾರಿಗೂ ತಿಳಿಯಲಿಲ್ಲ.

ಅದೇ ಸಮಯಕ್ಕೆ ವಾಸ್ತುಶಿಲ್ಪದ ಮೊದಲ ವರ್ಷದಲ್ಲಿ ಓದುತ್ತಿರುವ ನಮ್ಮ ಮಗಳು ಕಾಲೇಜಿನ ಗ್ರಂಥಾಲಯದಿಂದ ನಸ್ರೀನರ ಚಿತ್ರಗಳ ದಪ್ಪ ಪುಸ್ತಕವೊಂದನ್ನು ತಂದಿದ್ದಳು. ಈಗಿನ ಕಾಲದಲ್ಲಿಯೂ ಆ ಓದಿನ ಮೊದಲ ವರ್ಷ ಕೈಯಿಂದಲೇ ನಕ್ಷೆ ಬರೆಯಿಸುತ್ತಾರಂತೆ. ಪುಸ್ತಕ ಮೇಜಿನ ಮೇಲಿತ್ತು. ತಂದೆಯವರು ಕನ್ನಡಕ ಹಾಕಿಕೊಂಡು ಹಾಳೆ ತಿರುವತೊಡಗಿದರು. ನಾವೆಲ್ಲ “ಇದು ಏನು?” ಎಂದು ಕೇಳುವ ಕಡೆ ಅವರು ಆ ಪ್ರಶ್ನೆಯನ್ನೇ ಕೇಳಲಿಲ್ಲ. ಅವರು ನೋಡಿದ್ದು, ಹೇಗೆ ಮಾಡಿದ್ದು ಎಂಬುದನ್ನು.

“ಗೆರಿ ಶುರುವಾಗೋ ಕಡೆ ನೋಡವ್ವಾ, ಮಸಿ ಗುಂಡಗಾಗಿಲ್ಲ. ಮುಗಿಯೋ ಕಡೆನೂ ಇಲ್ಲ. ಇದು ಒಂದ ಉಸಿರಿನಾಗ ಎಳದದ್ದು,” ಎಂದರು ಮೊಮ್ಮಗಳಿಗೆ.

ಆಮೇಲೆ ಪಾಠವೇ ನಡೆಯಿತು. ರೂಲಿಂಗ್ ಪೆನ್ನಿಗೆ ಎರಡು ಉಕ್ಕಿನ ಅಲಗು, ನಡುವೆ ಒಂದು ತಿರುಪು. ತಿರುಪು ಬಿಗಿಮಾಡಿದರೆ ಗೆರೆ ತೆಳು, ಸಡಿಲ ಬಿಟ್ಟರೆ ದಪ್ಪ. ಅಲಗುಗಳ ನಡುವೆ ಮಸಿಯನ್ನು ಹನಿಹನಿಯಾಗಿ ತುಂಬಬೇಕು. ಹೆಚ್ಚು ತುಂಬಿದರೆ ಸುರಿಯುತ್ತದೆ, ಕಡಿಮೆಯಾದರೆ ಗೆರೆ ನಡುದಾರಿಯಲ್ಲಿ ಸಾಯುತ್ತದೆ. ಅಳತೆಪಟ್ಟಿಗೆ ತೀರ ಅಂಟಿಸಿ ಹಿಡಿದರೆ ಮಸಿ ಪಟ್ಟಿಯ ಅಡಿಗೆ ನುಗ್ಗಿ ಒಂದು ದಿನದ ಕೆಲಸ ಹಾಳು. ಕೈಯ ವೇಗ ಮೊದಲಿನಿಂದ ಕೊನೆಯವರೆಗೆ ಒಂದೇ ಇರಬೇಕು. ನಡುವೆ ಅನುಮಾನ ಬಂದು ನಿಂತರೆ ಆ ಅನುಮಾನ ಅಲ್ಲಿಯೇ ಚುಕ್ಕೆಯಾಗಿ ಕೂರುತ್ತದೆ. ಟ್ರೇಸಿಂಗ್ ಬಟ್ಟೆಯ ಮೇಲಾದರೆ ಬ್ಲೇಡಿನಿಂದ ಕೆರೆಯಬಹುದು, ಕಾಗದದ ಮೇಲೆ ಅದೂ ಕಷ್ಟ. ಇಂಥ ನೂರು ಗೆರೆಗಳನ್ನು, ಅಂತರ ಕೂದಲೆಳೆಯಷ್ಟು ಬದಲಾಗುತ್ತ ಹೋಗುವಂತೆ, ಒಂದೂ ಕೆಡದೆ ಎಳೆಯುವುದೆಂದರೆ ಏನೆಂಬುದು ತಂದೆಯವರಿಗೆ ಗೊತ್ತಿತ್ತು. ನಸ್ರೀನ್ ಬಳಸುತ್ತಿದ್ದುದೂ ನಕ್ಷೆಗಾರರ ಮೇಜು, ನಕ್ಷೆಗಾರರ ಉಪಕರಣಗಳನ್ನೇ.

ಆಗ ಮಗಳು ಪುಸ್ತಕದಲ್ಲಿ ಓದಿದ್ದನ್ನು ಹೇಳಿದಳು. “ಅಜ್ಜಾ, ಕಡೆಕಡೆಗೆ ಅವರ ಕೈ ಅವರ ಮಾತು ಕೇಳತಿರಲಿಲ್ಲಂತ. ನರದ ಕಾಯಿಲೆ.”

ತಂದೆಯವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಎಂಬತ್ತರ ದಶಕದ ಒಂದು ಚಿತ್ರದ ಮೇಲೆ ಬೆರಳಿಟ್ಟು, “ಮತ್ತ ಈ ಗೆರಿ?” ಎಂದರು.

“ಇದೂ ಆವಾಗಿಂದ, ಅಜ್ಜಾ.”

ಇದು ಕಟ್ಟುಕಥೆಯಲ್ಲ. ನಸ್ರೀನರಿಗೆ ಕೈಕಾಲುಗಳ ಹತೋಟಿಯನ್ನು ಕ್ರಮವಾಗಿ ಕಸಿದುಕೊಳ್ಳುವ ನರರೋಗವಿತ್ತು. ನಡೆಯುವುದು ಕಷ್ಟವಾದಾಗಲೂ ಅವರ ಹಾಳೆಯ ಮೇಲಿನ ಗೆರೆ ಅಲುಗಲಿಲ್ಲ. ಇನ್ನೂ ಹರಿತವಾಯಿತು, ಇನ್ನೂ ಕಡಿಮೆಯಾಯಿತು. ಅವರ ಬರೋಡದ ಮನೆಯೂ ಹಾಗೆಯೇ ಇತ್ತಂತೆ: ಬೇಕಾದಷ್ಟೇ ಸಾಮಾನು, ಗುಡಿಸಿದ ಬರಿಯ ನೆಲ, ಕೆಲಸದ ತಗ್ಗು ಮೇಜು. ದಿನಚರಿಯ ಪುಸ್ತಕದಲ್ಲಿ ಬರೆದದ್ದನ್ನು ಕೂಡ ಸಾಲುಸಾಲಾಗಿ ಮಸಿಯಿಂದ ಮುಚ್ಚಿ ಪುಟವನ್ನೇ ಪಟ್ಟೆಪಟ್ಟೆಯ ಚಿತ್ರ ಮಾಡುತ್ತಿದ್ದರು. ಬೇಡವಾದದ್ದನ್ನು ಬಿಡುತ್ತ ಹೋಗುವುದು ಅವರಿಗೆ ಚಿತ್ರದ ಶೈಲಿಯಷ್ಟೇ ಆಗಿರಲಿಲ್ಲ.

ತಂದೆಯವರು ಅಂದು ರಾತ್ರಿ ತಮ್ಮದೇ ರೀತಿಯಲ್ಲಿ ಲೆಕ್ಕ ಹಾಕಿದರು. ಮುಂಗೈಯನ್ನು ಪೂರ್ತಿ ಮೇಜಿನ ಮೇಲೆ ಊರಿ, ಎಡಗೈಯ ಭಾರವನ್ನೆಲ್ಲ ಅಳತೆಪಟ್ಟಿಯ ಮೇಲೆ ಹಾಕಿದರೆ ಪಟ್ಟಿ ನಡುಗುವುದಿಲ್ಲ; ಪೆನ್ನು ಪಟ್ಟಿಯನ್ನು ಆತುಕೊಂಡು ಹೋಗುತ್ತದೆ. ನೆಟ್ಟನೆಯ ಗೆರೆಯನ್ನು ಇನ್ನೂ ಎಳೆಯಬಹುದು. ಸೋಲುವುದು ದುಂಡಿನಲ್ಲಿ. ಹಾಗಾದರೆ ದುಂಡು ಎಷ್ಟು ಬೇಕೋ ಅಷ್ಟೇ ಇರಲಿ! ಮರುದಿನದಿಂದ ಹಳೆಯ ಕ್ಯಾಲೆಂಡರುಗಳ ಬೆನ್ನಿನ ಮೇಲೆ ಅಭ್ಯಾಸ ಶುರುವಾಯಿತು. ಏಳು ಅಕ್ಷರದಲ್ಲಿ ಆರು ಹೋದವು, ಮೇಲಿನ ಸುಳಿ ಹೋಯಿತು. ಉಳಿದದ್ದು ಹೆಸರಿನ ಮೊದಲಕ್ಷರ ‘ಗ’: ಒಂದು ಪುಟ್ಟ ಕಮಾನು, ತಲೆಯ ಮೇಲೊಂದು ತಲಕಟ್ಟು. ಅದರ ಅಡಿಯಲ್ಲಿ, ಪಟ್ಟಿಯಿಟ್ಟು, ಒಂದೇ ಉಸಿರಿನಲ್ಲಿ ಎಳೆದ ಒಂದು ನೆಟ್ಟ ಗೆರೆ.

ಇಂಗ್ಲಿಷಿನಲ್ಲಿಯಾದರೆ ಕೋಲುಕೋಲಾದ ಅಕ್ಷರಗಳಿವೆ, ಸುಲಭವಲ್ಲವೇ ಎಂದು ನಮ್ಮ ಮನೆಯಾಕೆ ಮೆಲ್ಲಗೆ ಸೂಚಿಸಿದಾಗ, “ಬ್ಯಾಡವಾ, ಒಂದರೆ ನಮ್ಮದು ಉಳೀಲಿ” ಎಂದರು.

ಬ್ಯಾಂಕಿಗೆ ಕರೆದೊಯ್ದು, ಗುರುತಿನ ಕಾಗದಗಳನ್ನು ಕೊಟ್ಟು, ಮಾದರಿ ಸಹಿಯನ್ನು ಬದಲಿಸುವ ಅರ್ಜಿ ಹಾಕಿದೆವು. ತಂದೆಯವರು ಜೇಬಿನಿಂದ ಆರಿಂಚಿನ ಉಕ್ಕಿನ ಪಟ್ಟಿಯನ್ನು ತೆಗೆದಾಗ ಕೌಂಟರಿನ ಹಿಂದೆ ಇಬ್ಬರು ಮುಖ ಮುಖ ನೋಡಿಕೊಂಡರು. ಅರ್ಜಿ ಮಂಜೂರಾಯಿತು. ಈಗ ಹಣ ತೆಗೆಯಲು ಹೋಗುವಾಗ ಕನ್ನಡಕ ಮರೆತರೂ ಪಟ್ಟಿ ಮರೆಯುವುದಿಲ್ಲ.

ಇದನ್ನು ಓದಿ, ಕಲೆಯಿಂದ ಕಾಯಿಲೆ ವಾಸಿಯಾಗುತ್ತದೆಂದು ಯಾರೂ ತಿಳಿಯಬಾರದು. ಔಷಧಿ ನಡೆದಿದೆ, ನಡುಕವೂ ನಡೆದಿದೆ. ನಾಳೆ ಆ ಒಂದು ಗೆರೆಯೂ ಕೈಬಿಡಬಹುದು, ಆಗ ಹೆಬ್ಬೆಟ್ಟನ್ನೇ ಒತ್ತಬೇಕಾಗಬಹುದು. ಅದು ತಂದೆಯವರಿಗೂ ಗೊತ್ತು. ಈಗ ಆ ಮಾತು ಬಂದರೆ ಊಟ ಬಿಡುವುದಿಲ್ಲ. ನಮಗೆ ತಿಳಿದದ್ದು ಇಷ್ಟೇ: ಕಳೆದುಕೊಳ್ಳುವುದು ಬೇರೆ, ತಾನಾಗಿ ಕಡಿಮೆ ಮಾಡಿಕೊಳ್ಳುವುದು ಬೇರೆ. ಮೊದಲನೆಯದರಲ್ಲಿ ಮನುಷ್ಯ ಕುಗ್ಗುತ್ತಾನೆ. ಎರಡನೆಯದರಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕೆಂದು ಆರಿಸುವ ಅಧಿಕಾರ ಅವನ ಕೈಯಲ್ಲಿರುತ್ತದೆ. ಊರು ಬಿಟ್ಟು ಬಂದು, ಹತ್ತು ಅಂಕಣದ ಮನೆಯ ಬದಲು ಎರಡು ಕೋಣೆಗಳಲ್ಲಿ ಸಂಸಾರ ಹೂಡಿ, ಮಕ್ಕಳ ಮರಾಠಿ-ಹಿಂದಿಯ ನಡುವೆ ಕನ್ನಡದ ಒಂದೊಂದು ಪದವನ್ನು ಜೋಪಾನ ಮಾಡುತ್ತಿರುವ ನಮ್ಮಂಥವರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಸ್ರೀನರಂತೆ ಗೆರೆಯನ್ನೇ ನಂಬಿದವರು ಹೊರಗೂ ಇದ್ದರು. ರಷ್ಯದ ಮಾಲೆವಿಚ್ 1915ರಲ್ಲಿಯೇ ಬಿಳಿಯ ಹಿನ್ನೆಲೆಯಲ್ಲಿ ಒಂದು ಕಪ್ಪು ಚೌಕವನ್ನು ಬರೆದು ತೂಗುಹಾಕಿದ್ದರು. ಅಮೆರಿಕದಲ್ಲಿ ಆಗ್ನೆಸ್ ಮಾರ್ಟಿನ್ ಆರಡಿ ಚೌಕದ ಕ್ಯಾನ್ವಾಸಿನ ಮೇಲೆ ಪೆನ್ಸಿಲಿನ ಗೆರೆಗಳನ್ನು ಎಳೆದರು. ವಿಮರ್ಶಕರು ಇಬ್ಬರ ಹೆಸರನ್ನೂ ಜೊತೆಯಾಗಿ ಹೇಳುವುದುಂಟು. ಆದರೆ ನಸ್ರೀನ್ ತಮ್ಮ ಗೆರೆಗಳನ್ನು ಕಂಡುಕೊಂಡದ್ದು ಪುಸ್ತಕಗಳಿಂದ ಮಾತ್ರವೇ ಅಲ್ಲ. ಅವರು ತೆಗೆದ ಛಾಯಾಚಿತ್ರಗಳಿವೆ. ಬದುಕಿದ್ದಾಗ ಅವನ್ನು ಪ್ರದರ್ಶನಕ್ಕಿಡಲಿಲ್ಲ. ಫತೇಪುರ್ ಸಿಕ್ರಿಯ ಕಲ್ಲುಹಾಸು, ಮರಳ ಮೇಲೆ ನೀರಿನ ಗುರುತು, ರಸ್ತೆಯ ಮೇಲಿನ ಬಿಳಿಯ ಪಟ್ಟೆ, ಮಗ್ಗದ ಮೇಲೆ ಬಿಗಿದ ಹಾಸಿನ ಎಳೆಗಳು. ಇಳಕಲ್ಲಿನ ಮಗ್ಗವನ್ನು ನೋಡಿದವರಿಗೆ, ಹೊಕ್ಕು ಬೀಳುವ ಮೊದಲು ಹಾಸು ಒಂದೇ ನಿಂತಿರುವಾಗಿನ ಆ ನೋಟ ಕಣ್ಣಿಗೆ ಕಟ್ಟಿರುತ್ತದೆ. ನಾವು ದಾಟಿ ಹೋಗುವುದನ್ನು ಅವರು ನಿಂತು ನೋಡಿದರು.

ಕೊನೆಗೆ ವಾಚಕರಲ್ಲಿ ಒಂದು ವಿನಂತಿ. ನಸ್ರೀನರ ಚಿತ್ರಗಳು ದೆಹಲಿಯ ಕಿರಣ್ ನಾಡರ್ ಕಲಾ ಸಂಗ್ರಹಾಲಯದ ಸಂಗ್ರಹದಲ್ಲಿವೆ. ಬೇರೆ ಊರುಗಳಲ್ಲಿಯೂ ಆಗಾಗ ಪ್ರದರ್ಶನಕ್ಕೆ ಬರುತ್ತವೆ. ಮುಂಬಯಿಗೆ ಬಂದಾಗ ಮಕ್ಕಳನ್ನು ಕರೆದುಕೊಂಡು ಹೋಗಿ. ಮನೆಯಲ್ಲಿ ದರ್ಜಿಯೋ, ಬಡಗಿಯೋ, ನೇಕಾರರೋ, ರಂಗೋಲಿ ಹಾಕುವ ಅಜ್ಜಿಯೋ ಇದ್ದರೆ ಅವರನ್ನು ಮೊದಲು ಕರೆದುಕೊಂಡು ಹೋಗಿ. ಚಿತ್ರದ ಮುಂದೆ ಐದು ನಿಮಿಷ ಸುಮ್ಮನೆ ನಿಲ್ಲಿ. ಇದರ ಅರ್ಥವೇನೆಂದು ಕೇಳುವ ಮೊದಲು, ಇದನ್ನು ಎಳೆದ ಕೈ ಎಲ್ಲಿ ಊರಿತ್ತು, ಉಸಿರು ಎಲ್ಲಿ ಬಿಟ್ಟಿತು ಎಂದು ಆ ಹಿರಿಯರನ್ನು ಕೇಳಿ. ಅವರು ಹೇಳುತ್ತಾರೆ.